ಹಳೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಜಾರುತ್ತಿದ್ದರೆ ಪರೀಕ್ಷಿಸುವ ಕ್ರಮ

ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಸದ್ದು ಏರಿದರೂ ವಾಹನದ ವೇಗ ಅದಕ್ಕೆ ತಕ್ಕಂತೆ ಹೆಚ್ಚದಿದ್ದರೆ, ಗೇರ್‌ಬಾಕ್ಸ್ ಒಳಗಿನ ಕ್ಲಚ್ ಪ್ಲೇಟುಗಳು ಜಾರುತ್ತಿರುವ ಸಾಧ್ಯತೆ ಹೆಚ್ಚು. ಅವುಗಳನ್ನು ಒತ್ತಿ ಹಿಡಿಯುವುದು ಗೇರ್‌ಬಾಕ್ಸ್ ಆಯಿಲ್‌ನ ಒತ್ತಡವೇ ಆದ್ದರಿಂದ ಪರೀಕ್ಷೆಯನ್ನು ಅಲ್ಲಿಂದಲೇ ಆರಂಭಿಸಬೇಕು.

ಗೇರ್‌ಬಾಕ್ಸ್ ಆಯಿಲ್‌ನ ಮಟ್ಟ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಇರುವ ಬಹುತೇಕ ವಾಹನಗಳಲ್ಲಿ, ಸ್ವಲ್ಪ ದೂರ ಓಡಿಸಿ ಆಯಿಲ್ ಬಿಸಿಯಾದ ಮೇಲೆ, ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಚಾಲನೆಯಲ್ಲಿರುವಾಗಲೇ ಮಟ್ಟವನ್ನು ನೋಡಬೇಕು. ಕೆಲವು ಮಾದರಿಗಳಲ್ಲಿ ಎಂಜಿನ್ ನಿಲ್ಲಿಸಿ ನೋಡುವ ಕ್ರಮವಿರುವುದರಿಂದ ವಾಹನದ ಕೈಪಿಡಿಯ ಮಾತೇ ಅಂತಿಮ. ಡಿಪ್‌ಸ್ಟಿಕ್ಕಿನ ತುದಿಯನ್ನು ಬಿಳಿ ಬಟ್ಟೆಗೆ ಒರೆಸಿ ನೋಡಿ. ಆಯಿಲ್ ಕೆಂಪಗೆ ತಿಳಿಯಾಗಿದ್ದು ಮಟ್ಟ ಮಾತ್ರ ಇಳಿದಿದ್ದರೆ, ಕೈಪಿಡಿ ಸೂಚಿಸಿದ ದರ್ಜೆಯ ಆಯಿಲನ್ನೇ ಸ್ವಲ್ಪಸ್ವಲ್ಪವಾಗಿ ತುಂಬಿ, ಸೋರಿಕೆ ಎಲ್ಲಿದೆಯೆಂದು ತಪ್ಪದೆ ಹುಡುಕಬೇಕು. ಈ ಆಯಿಲ್ ಎಂಜಿನ್ ಆಯಿಲ್‌ನಂತೆ ಉರಿದು ಕಡಿಮೆಯಾಗುವಂಥದ್ದಲ್ಲ. ಅತಿಯಾಗಿ ತುಂಬಿದರೆ ನೊರೆಯೆದ್ದು ಒತ್ತಡ ಮತ್ತೆ ಕುಸಿಯುತ್ತದೆ. ಬಟ್ಟೆಯ ಮೇಲಿನ ಕಲೆ ಕಡುಕಂದಾಗಿದ್ದು ಸುಟ್ಟ ವಾಸನೆ ಬಂದರೆ ಪ್ಲೇಟುಗಳು ಸವೆದಿರಬಹುದು. ಸವೆದ ಪ್ಲೇಟನ್ನು ಹೊಸ ಆಯಿಲ್ ಸರಿಪಡಿಸದು.

ಆಯಿಲ್ ಚೆನ್ನಾಗಿದ್ದೂ ಯಾವುದೋ ಒಂದೇ ಗೇರಿನಲ್ಲಿ ಜಾರಿದರೆ ಸೋಲೆನಾಯ್ಡ್ (ಆಯಿಲ್ ಹರಿವನ್ನು ನಿಯಂತ್ರಿಸುವ ವಿದ್ಯುತ್ ವಾಲ್ವ್), ವಾಲ್ವ್ ಬಾಡಿ (ಆಯಿಲನ್ನು ಆಯಾ ಕ್ಲಚ್ಚಿಗೆ ಹಂಚುವ ಭಾಗ) ಅಥವಾ ಆ ಗೇರಿನ ಕ್ಲಚ್ಚನ್ನು ಶಂಕಿಸಬೇಕು. ಎಲ್ಲ ಗೇರುಗಳಲ್ಲೂ ಜಾರಿದರೆ ಫಿಲ್ಟರ್ ಕಟ್ಟಿಕೊಂಡಿರಬಹುದು, ಇಲ್ಲವೇ ಪಂಪ್ ದುರ್ಬಲವಾಗಿರಬಹುದು. ವಾಹನದ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರಿನಲ್ಲಿ ಪಿ0730 ಕಂಡರೆ ಗೇರಿನ ಅನುಪಾತ ತಪ್ಪಿದೆ ಎಂದರ್ಥ. ಗೇರ್‌ಬಾಕ್ಸಿನ ತಳದ ಆಯಿಲ್ ಪ್ಯಾನ್ ಬಿಚ್ಚಿದಾಗ ಲೋಹದ ಚೂರುಗಳು ಕಂಡರೆ ವಾಹನವನ್ನು ಓಡಿಸದೆ, ಎಳೆಸಿಕೊಂಡೇ ವರ್ಕ್‌ಶಾಪಿಗೆ ಸೇರಿಸಬೇಕು.