ಸಿಂಕಿಗೆ ಇಳಿಯುವ ಮುನ್ನ

ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಯೋಗಾಲಯದ ಹೊಣೆ ನನಗೆ ಬಂದಾಗ, ಕ್ಯಾಂಪಸ್ಸಿನ ಜಲಮಾಲಿನ್ಯವೆಂದರೆ ಹಾಸ್ಟೆಲ್ಲಿನ ಕೊಳಚೆ ಮತ್ತು ಮೆಸ್ಸಿನ ಜಿಡ್ಡು ಎಂದೇ ಸಭೆಗಳಲ್ಲಿ ಚರ್ಚೆಯಾಗುತ್ತಿತ್ತು. ಕೊಳಚೆಯನ್ನು ಶುದ್ಧೀಕರಣ ಘಟಕದ ಬ್ಯಾಕ್ಟೀರಿಯಾಗಳು ಅರಗಿಸಿಕೊಳ್ಳುತ್ತವೆ. ನಮ್ಮ ಸಿಂಕುಗಳಿಂದ ಇಳಿಯುವ ಕ್ರೋಮಿಯಂ, ಪಾದರಸಗಳು ಒಂದೋ ಆ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುತ್ತವೆ, ಇಲ್ಲವೇ ಕೆಸರಿನಲ್ಲಿ ಉಳಿದು, ಅದನ್ನು ಗೊಬ್ಬರವೆಂದು ಹಾಕಿದ ಹುಲ್ಲುಹಾಸಿನ ಮಣ್ಣನ್ನು ಸೇರುತ್ತವೆ. ಆದ್ದರಿಂದ ಸಿಂಕಿನಲ್ಲೇ ತಡೆಯಬೇಕೆಂದು ನಿರ್ಧರಿಸಿದೆ.

ವಿಚಿತ್ರವೆಂದರೆ, ನಮ್ಮಲ್ಲಿ ಅತ್ಯಂತ ಅಪಾಯಕಾರಿ ತ್ಯಾಜ್ಯ ಹುಟ್ಟುತ್ತಿದ್ದುದು ನೀರಿನ ಮಾಲಿನ್ಯವನ್ನು ಅಳೆಯುವ ಸಿಓಡಿ (ರಾಸಾಯನಿಕ ಆಮ್ಲಜನಕ ಬೇಡಿಕೆ) ಪರೀಕ್ಷೆಯಿಂದಲೇ. ಅದರಲ್ಲಿ ಕ್ರೋಮಿಯಂ ಇರುವ ಪೊಟ್ಯಾಸಿಯಂ ಡೈಕ್ರೋಮೇಟ್, ಗಂಧಕಾಮ್ಲ, ಸಿಲ್ವರ್ ಸಲ್ಫೇಟ್‌ಗಳ ಜೊತೆಗೆ, ಕ್ಲೋರೈಡ್ ಅಡ್ಡಬರದಂತೆ ಪಾದರಸದ ಸಂಯುಕ್ತವಾದ ಮರ್ಕ್ಯುರಿಕ್ ಸಲ್ಫೇಟನ್ನೂ ಹಾಕುತ್ತೇವೆ. ಕೆರೆ, ಹೊಳೆಗಳಿಗೆ ಬಿಡುವ ನೀರಿನಲ್ಲಿ ಪಾದರಸಕ್ಕೆ ಇರುವ ಮಿತಿ ಲೀಟರಿಗೆ ಕೇವಲ 0.01 ಮಿ.ಗ್ರಾಂ. ಹೀಗಾಗಿ ಈ ತ್ಯಾಜ್ಯವನ್ನು ಬೇರಾವುದರ ಜೊತೆಗೂ ಬೆರೆಸದೆ ಪ್ರತ್ಯೇಕ ಕ್ಯಾನಿನಲ್ಲಿ ತುಂಬಿ, ಅಪಾಯಕಾರಿ ತ್ಯಾಜ್ಯದ ಕುರಿತ 2016ರ ನಿಯಮಗಳು ಹೇಳುವ 90 ದಿನಗಳೊಳಗೆ ಅನುಮತಿ ಪಡೆದ ವಿಲೇವಾರಿ ಘಟಕಕ್ಕೆ ಕಳುಹಿಸುತ್ತೇವೆ.

ಪಾದರಸವಿಲ್ಲದ ಡೈಕ್ರೋಮೇಟ್ ತ್ಯಾಜ್ಯವನ್ನು ಮಾತ್ರ ನಾವೇ ಸಂಸ್ಕರಿಸುತ್ತೇವೆ. ವಿಷಾನಿಲವನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನೊಳಗೆ ಅದರ ಪಿಎಚ್ ಅನ್ನು 2ರಿಂದ 3ರ ನಡುವೆ ಇರಿಸಿ, ಸೋಡಿಯಂ ಬೈಸಲ್ಫೈಟನ್ನು ಸ್ವಲ್ಪಸ್ವಲ್ಪವೇ ಸೇರಿಸಿದರೆ, ಕ್ರೋಮಿಯಂ ಕಡಿಮೆ ವಿಷದ ರೂಪಕ್ಕೆ ಬದಲಾಗಿ, ಕಿತ್ತಳೆ ಬಣ್ಣ ಮಾಸುತ್ತಾ ಹಸಿರಿಗೆ ತಿರುಗುತ್ತದೆ. ಅವಸರಪಟ್ಟು ಸುರಿದರೆ ಗಂಧಕದ ಡೈಆಕ್ಸೈಡ್ ಮೂಗಿಗೆ ಹೊಡೆಯುತ್ತದೆ. ಬಳಿಕ ಸುಣ್ಣದ ನೀರು ಬೆರೆಸಿ ಪಿಎಚ್ ಅನ್ನು 8.5ರ ಆಸುಪಾಸಿಗೆ ಏರಿಸಿ ರಾತ್ರಿಯಿಡೀ ಬಿಟ್ಟರೆ, ಬೂದು-ಹಸಿರು ಒತ್ತರ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಬಸಿಯುವ ಮೊದಲು ಅದರ ಸ್ವಲ್ಪ ಭಾಗಕ್ಕೆ ಆಮ್ಲ ಮತ್ತು ಡೈಫಿನೈಲ್‌ಕಾರ್ಬಜೈಡ್ ಹಾಕಿ ನೋಡುತ್ತೇವೆ. ನೇರಳೆ ಬಣ್ಣ ಬಂದರೆ ಕ್ರೋಮಿಯಂನ ವಿಷದ ರೂಪ ಇನ್ನೂ ಉಳಿದಿದೆ ಎಂದರ್ಥ; ಸಂಸ್ಕರಣೆ ಮತ್ತೆ ಮೊದಲಿನಿಂದ. ಒತ್ತರವೂ ಅಪಾಯಕಾರಿ ತ್ಯಾಜ್ಯವೇ ಆದ್ದರಿಂದ ಅದನ್ನೂ ಬೇರೊಂದು ಕ್ಯಾನಿನಲ್ಲಿ ತುಂಬಿಡುತ್ತೇವೆ.

ಆದರೂ ಸಂಸ್ಕರಣೆಗಿಂತ ಹೆಚ್ಚು ಫಲ ಕೊಟ್ಟದ್ದು ಪ್ರಮಾಣದ ಕಡಿತ ಎಂಬುದು ನನ್ನ ಅಭಿಪ್ರಾಯ. ದ್ರಾವಣವನ್ನು ಹನಿಹನಿಯಾಗಿ ಬೆರೆಸಿ ಅಳೆಯುವ ಟೈಟ್ರೇಷನ್ನಿಗೆ 25 ಮಿ.ಲೀ. ಬದಲು 5 ಮಿ.ಲೀ. ಪಿಪೆಟ್ಟು, ಅದಕ್ಕೆ ತಕ್ಕ ಸಣ್ಣ ಬ್ಯುರೆಟ್ಟು ಕೊಟ್ಟರೆ ತ್ಯಾಜ್ಯ ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಗಾಜಿನ ಸಾಮಾನು ತೊಳೆಯುವ ಅಟೆಂಡರುಗಳಿಗೆ, ಮೊದಲ ಎರಡು ಸಲ ತೊಳೆದ ನೀರು ಕ್ಯಾನಿಗೆ, ಆಮೇಲಿನದು ಮಾತ್ರ ಸಿಂಕಿಗೆ ಎಂಬುದನ್ನು ಮಾಡಿ ತೋರಿಸಿದೆವು.

ಬಿ.ಎಸ್ಸಿ. ವಿದ್ಯಾರ್ಥಿಗಳು ಬೇಗ ಒಗ್ಗಿಕೊಂಡರು. ಸಂಶೋಧನಾ ವಿದ್ಯಾರ್ಥಿಗಳು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ರಾತ್ರಿ ಒಬ್ಬರೇ ಕೆಲಸ ಮಾಡುವವರ ಸಿಂಕನ್ನು ಕಾಯುವವರು ಯಾರು? ಹಿಂದಿನ ಕ್ಯಾನು ಮರಳಿ ಬಂದಿದೆಯೇ ಎಂದು ನೋಡಿಯೇ ಹೊಸ ಇಂಡೆಂಟಿಗೆ (ರಾಸಾಯನಿಕದ ಬೇಡಿಕೆ ಪತ್ರಕ್ಕೆ) ಸಹಿ ಹಾಕುವ ಪದ್ಧತಿ ತಂದ ಮೇಲೆಯೇ, ಕೊಂಡ ರಾಸಾಯನಿಕಕ್ಕೂ ಮರಳಿದ ತ್ಯಾಜ್ಯಕ್ಕೂ ಲೆಕ್ಕ ತಾಳೆಯಾಗತೊಡಗಿತು.