ದಿನಚರ್ಯೆಯನ್ನು ಕಾಲುಭಾಗದಿಂದ ಆರಂಭಿಸುವ ಕ್ರಮ

ಆಯುರ್ವೇದದ ದಿನಚರ್ಯೆಯನ್ನು ರೂಢಿಸಿಕೊಳ್ಳಲು ಹೊರಟವರಲ್ಲಿ ಅನೇಕರು ನಸುಕಿನ ಎಚ್ಚರ, ಮೈಗೆ ಎಣ್ಣೆ ಹಚ್ಚುವ ಅಭ್ಯಂಗ, ಮೂಗಿಗೆ ಔಷಧ ಹನಿಸುವ ನಸ್ಯ, ವ್ಯಾಯಾಮ ಎಲ್ಲವನ್ನೂ ಒಂದೇ ದಿನ ಕೈಗೆತ್ತಿಕೊಂಡು, ಕೆಲವೇ ದಿನಗಳಲ್ಲಿ ಎಲ್ಲವನ್ನೂ ಒಟ್ಟಿಗೆ ಬಿಟ್ಟುಬಿಡುತ್ತಾರೆ. ಶಾಸ್ತ್ರ ಇಂತಹ ಅವಸರವನ್ನು ಒಪ್ಪುವುದಿಲ್ಲ. ಬಹುಕಾಲದಿಂದ ಅಂಟಿಕೊಂಡ ಅಹಿತವಾದ ಅಭ್ಯಾಸವನ್ನು ಕಾಲುಭಾಗದಂತೆ, ಅಗತ್ಯವಿದ್ದರೆ ಆ ಕಾಲುಭಾಗದಲ್ಲೂ ಕಾಲುಭಾಗದಂತೆ ಕಡಿಮೆ ಮಾಡುತ್ತ, ಹಿತವಾದುದನ್ನು ಹಾಗೆಯೇ ಕ್ರಮಕ್ರಮವಾಗಿ ಬೆಳೆಸಿಕೊಳ್ಳಬೇಕೆಂದು ವಾಗ್ಭಟನ ಆಯುರ್ವೇದ ಗ್ರಂಥ ಅಷ್ಟಾಂಗಹೃದಯ ವಿಧಿಸುತ್ತದೆ.

ಮೊದಲು ಏಳುವ ಹೊತ್ತನ್ನು ಸರಿಪಡಿಸಿಕೊಳ್ಳಬೇಕು. ಬ್ರಾಹ್ಮೀ ಮುಹೂರ್ತವೆಂದರೆ ಸೂರ್ಯೋದಯಕ್ಕೆ 96 ನಿಮಿಷ ಮುಂಚೆ ಆರಂಭವಾಗಿ 48 ನಿಮಿಷ ಮುಂಚೆ ಮುಗಿಯುವ ಅವಧಿ. ತಡವಾಗಿ ಏಳುವವರು ಒಮ್ಮೆಲೇ ಅಲ್ಲಿಗೆ ಹಾರದೆ, ಮಲಗುವ ವೇಳೆಯನ್ನೂ ಏಳುವ ವೇಳೆಯನ್ನೂ ಹದಿನೈದು ನಿಮಿಷದಷ್ಟು ಹಿಂದಕ್ಕೆ ತಂದು, ಅದು ದೇಹಕ್ಕೆ ಒಗ್ಗಿದ ಮೇಲೆ ಇನ್ನಷ್ಟು ಹಿಂದಕ್ಕೆ ತರುವುದು ಒಳ್ಳೆಯದು. ನಿದ್ರೆಯನ್ನು ಕಡಿತಗೊಳಿಸಿ ಬೇಗ ಏಳುವುದರಲ್ಲಿ ಪುಣ್ಯವೇನೂ ಇಲ್ಲ. ಈ ವಿಧಿಯನ್ನು ಹೇಳಿರುವುದೂ ಆರೋಗ್ಯವಂತರಿಗೇ ಹೊರತು ರೋಗಿಗಳಿಗಲ್ಲ.

ಎದ್ದೊಡನೆ ಶೌಚ, ಬಳಿಕ ಹಲ್ಲುಜ್ಜುವುದು, ನಾಲಿಗೆಯನ್ನು ಹಿಂದಿನಿಂದ ಮುಂದಕ್ಕೆ ಮೃದುವಾಗಿ ಕೆರೆಯುವುದು. ಇಷ್ಟಕ್ಕೆ ಹೆಚ್ಚಿನ ವಿವರಣೆ ಬೇಕಿಲ್ಲ.

ಅಭ್ಯಂಗದ ವಿಷಯ ಹಾಗಲ್ಲ. ಇಡೀ ಮೈಗೆ ಎಣ್ಣೆ ಹಚ್ಚಲು ಬಿಡುವಿಲ್ಲದವರು ಅದನ್ನು ಪೂರ್ತಿ ಬಿಡುವ ಬದಲು, ಶಾಸ್ತ್ರವೇ ವಿಶೇಷವಾಗಿ ಹೆಸರಿಸಿರುವ ತಲೆ, ಕಿವಿ ಮತ್ತು ಪಾದಗಳಿಗೆ ಮಾತ್ರ ಹಚ್ಚಿಕೊಳ್ಳಬಹುದು. ಕಿವಿಯ ಹೊರಭಾಗಕ್ಕೆ ಸವರಿದರೆ ಸಾಕು, ವೈದ್ಯರ ಸಲಹೆಯಿಲ್ಲದೆ ಒಳಗೆ ಹನಿಸಬಾರದು. ಸಾಮಾನ್ಯವಾಗಿ ಎಳ್ಳೆಣ್ಣೆಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಉಗುರುಬೆಚ್ಚಗೆ ಮಾಡಿ, ಕೈಕಾಲುಗಳ ಮೇಲೆ ಉದ್ದಕ್ಕೂ ಕೀಲುಗಳ ಸುತ್ತ ವೃತ್ತಾಕಾರವಾಗಿಯೂ ತಿಕ್ಕುತ್ತಾರೆ. ಎಳ್ಳು ಒಗ್ಗದವರು ಬೇರೆ ಎಣ್ಣೆಯನ್ನು ಆರಿಸಿಕೊಳ್ಳಬೇಕು. ಅಜೀರ್ಣವಿರುವಾಗ, ಕಫ ಹೆಚ್ಚಿರುವಾಗ ಅಭ್ಯಂಗ ನಿಷಿದ್ಧ; ಜ್ವರವಿದ್ದಾಗಲೂ ಬೇಡ. ಪಾದಕ್ಕೆ ಎಣ್ಣೆ ಹಚ್ಚಿಕೊಂಡು ಒದ್ದೆ ನೆಲದ ಮೇಲೆ ನಡೆದರೆ ಜಾರುವುದು ಖಚಿತವೆಂಬುದನ್ನು ಗ್ರಂಥಗಳು ಹೇಳದಿದ್ದರೂ ನೆನಪಿಡಬೇಕು.

ವ್ಯಾಯಾಮವನ್ನು ಅರ್ಧಶಕ್ತಿಗೆ ನಿಲ್ಲಿಸಬೇಕು. ಹಣೆಯಲ್ಲಿ ಬೆವರು ಮೂಡಿ, ಉಸಿರು ಬಾಯಿಯಿಂದ ಬರತೊಡಗಿದರೆ ಆ ಮಿತಿ ಬಂತೆಂದು ತಿಳಿಯಬಹುದು. ಬೇಸಿಗೆಯಲ್ಲಿ ಇನ್ನೂ ಕಡಿಮೆ ಸಾಕು. ಅನಂತರದ ಸ್ನಾನದಲ್ಲಿ ಬಿಸಿನೀರು ಮೈಗೆ ಬಲ ಕೊಡುತ್ತದೆಂದೂ, ತಲೆಗೆ ಸುರಿದರೆ ಕೂದಲಿಗೂ ಕಣ್ಣಿಗೂ ಹಾನಿಯೆಂದೂ ಶಾಸ್ತ್ರ ಎಚ್ಚರಿಸುತ್ತದೆ.

ಊಟಕ್ಕೆ ಗಡಿಯಾರಕ್ಕಿಂತ ಹಸಿವೇ ಮುಖ್ಯ. ಹಿಂದಿನ ಊಟ ಜೀರ್ಣವಾಗಿ, ತೇಗು ಶುದ್ಧವಾಗಿ, ಮೈ ಹಗುರಾದ ಮೇಲೆ ಉಣ್ಣಬೇಕು. ಹೊಟ್ಟೆಯ ಎರಡು ಪಾಲು ಘನ ಆಹಾರಕ್ಕೆ, ಒಂದು ಪಾಲು ದ್ರವಕ್ಕೆ ಮೀಸಲಿಟ್ಟು, ನಾಲ್ಕನೆಯ ಪಾಲನ್ನು ಖಾಲಿ ಬಿಡಬೇಕು. ಮಲಮೂತ್ರ, ಸೀನು, ಆಕಳಿಕೆಗಳಂತಹ ವೇಗಗಳನ್ನು, ಅಂದರೆ ದೇಹದ ಸಹಜ ಒತ್ತಡಗಳನ್ನು, ಕೆಲಸದ ನೆಪದಲ್ಲಿ ತಡೆಯದಿರುವುದೂ ಈ ಚರ್ಯೆಗೆ ಸೇರಿದ್ದು, ಆದರೆ ಹೊಸಬರು ಮೊದಲು ಮರೆಯುವುದು ಅದನ್ನೇ.

ನಸ್ಯವನ್ನು ಮಾತ್ರ ಓದಿಕೊಂಡು ಆರಂಭಿಸದೆ ವೈದ್ಯರಿಂದ ಕಲಿಯುವುದು ಸೂಕ್ತ. ಗರ್ಭಿಣಿಯರು, ಮಧುಮೇಹ ಅಥವಾ ಹೃದ್ರೋಗ ಇರುವವರು ಯಾವ ಬದಲಾವಣೆಯನ್ನಾದರೂ ವೈದ್ಯರನ್ನು ಕೇಳಿಯೇ ಮಾಡಬೇಕು. ದಿನಚರ್ಯೆ ಹಿಡಿದೆವೆಂದು ಈಗಾಗಲೇ ಸೇವಿಸುತ್ತಿರುವ ಔಷಧವನ್ನು ಯಾರೂ ತಾವಾಗಿ ನಿಲ್ಲಿಸಬಾರದು.