ಲೀಡ್ಸಿನಿಂದ ಮೂಡಿಗೆರೆಗೊಂದು ಲ್ಯಾಪ್‌ಟಾಪ್

ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಕೆಲಸದಲ್ಲಿದ್ದ ವರ್ಷಗಳಲ್ಲಿ, ಮೂಡಿಗೆರೆ ಹತ್ತಿರದ ನಮ್ಮ ತೋಟದ ಮನೆಗೆಂದು ಎರಡು ಬಾರಿ ಆನ್‌ಲೈನಿನಲ್ಲಿ ಲ್ಯಾಪ್‌ಟಾಪ್ ಕೊಂಡೆ. ಮೊದಲನೆಯದನ್ನು ಅಲ್ಲಿಯೇ ಕೊಂಡು ರಜೆಗೆ ಬರುವಾಗ ಕೈಯಲ್ಲಿ ತಂದೆ. ಎರಡನೆಯದನ್ನು ಅಲ್ಲಿ ಕುಳಿತು, ಭಾರತದ ಮಾರಾಟ ತಾಣವೊಂದರಿಂದ ನೇರವಾಗಿ ಊರಿಗೆ ತರಿಸಿದೆ. ಮನೆಯವರಿಗೆ ನಿಜವಾಗಿ ಒದಗಿದ್ದು ಎರಡನೆಯದು.

18 ವರ್ಷ ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದಾದ್ದರಿಂದ ವಿಮಾನ ನಿಲ್ದಾಣದಲ್ಲಿ ತೊಂದರೆಯಾಗಲಿಲ್ಲ. ಆದರೆ ಎಣಿಸಿದಷ್ಟು ಅಗ್ಗವೂ ಆಗಲಿಲ್ಲ. ಅಲ್ಲಿನ ಬೆಲೆಯಲ್ಲಿ ಶೇ. 20ರಷ್ಟು ವ್ಯಾಟ್ ಎಂಬ ಮಾರಾಟ ತೆರಿಗೆ ಸೇರಿರುತ್ತದೆ. ದೇಶ ಬಿಡುವಾಗ ಅದನ್ನು ವಾಪಸು ಪಡೆಯಬಹುದೆಂದು ಹಿಂದೆ ಹೋಗಿಬಂದವರು ಹೇಳುತ್ತಿದ್ದ ಸೌಲಭ್ಯವನ್ನು ಇಂಗ್ಲೆಂಡಿನಲ್ಲಿ 2021ರ ಜನವರಿಯಿಂದ ನಿಲ್ಲಿಸಲಾಗಿದೆ. ನಮ್ಮಲ್ಲಿ ಲ್ಯಾಪ್‌ಟಾಪಿನ ಮೇಲಿನ ಜಿಎಸ್‌ಟಿ ಶೇ. 18.

ನಿಜವಾದ ತೊಡಕು ಶುರುವಾದದ್ದು ಮನೆಗೆ ಬಂದ ಮೇಲೆ. ತಂಗಿ ಇ-ಮೇಲ್ ವಿಳಾಸ ಬರೆಯಲು ಶಿಫ್ಟ್ ಹಿಡಿದು 2 ಒತ್ತಿದರೆ ಅಟ್ ಚಿಹ್ನೆಯ ಬದಲು ಉದ್ಧರಣ ಚಿಹ್ನೆ ಮೂಡಿತು. 3ರಲ್ಲಿ ಹ್ಯಾಶ್ ಇರಬೇಕಾದ ಕಡೆ ಪೌಂಡಿನ ಗುರುತು ಬಂತು. ಸೆಟ್ಟಿಂಗ್ಸಿನಲ್ಲಿ ಕೀಲಿಮಣೆಯ ವಿನ್ಯಾಸ ಬದಲಿಸಿಕೊಟ್ಟೆನಾದರೂ, ಆಗ ಕೀಲಿಯ ಮೇಲೆ ಅಚ್ಚಾದದ್ದು ಒಂದು, ಪರದೆಯಲ್ಲಿ ಬರುವುದು ಇನ್ನೊಂದು ಎಂಬಂತಾಯಿತು. ಚಾರ್ಜರಿನ ಚಪ್ಪಟೆ ಪಿನ್ನುಗಳು ನಮ್ಮ ಗೋಡೆಯ ಸಾಕೆಟ್ಟಿಗೆ ಕೂರಲಿಲ್ಲ. ಅಡಾಪ್ಟರ್ 100ರಿಂದ 240 ವೋಲ್ಟಿನವರೆಗೆ ನಡೆಯುವಂಥದ್ದಾದ್ದರಿಂದ ವೈರನ್ನಷ್ಟೇ ಬದಲಿಸಿದೆ. ಏಳನೇ ತಿಂಗಳಿಗೆ ಪರದೆಯಲ್ಲಿ ಗೆರೆಗಳೆದ್ದಾಗ, ಆ ಮಾದರಿಯ ವಾರಂಟಿ ಕೊಂಡ ದೇಶಕ್ಕೆ ಮಾತ್ರ ಅನ್ವಯಿಸುತ್ತದೆ ಎಂಬ ಉತ್ತರ ಸಿಕ್ಕಿತು. ಕೊಳ್ಳುವ ಮೊದಲು ನಾನು ಪ್ರೊಸೆಸರನ್ನೂ ಬೆಲೆಯನ್ನೂ ಗಂಟೆಗಟ್ಟಲೆ ಹೋಲಿಸಿದ್ದೆ. ವಾರಂಟಿಯ ಆ ಒಂದು ಸಾಲನ್ನು ಓದಿರಲಿಲ್ಲ. ಹೊಸ ಪರದೆಯ ಹಣವನ್ನು ಅಪ್ಪ ಕೊಟ್ಟರು.

ಎರಡನೇ ಬಾರಿ ಹುಡುಕಾಟವನ್ನು ಪಿನ್ ಕೋಡಿನಿಂದಲೇ ಆರಂಭಿಸಿದೆ. ಮೂಡಿಗೆರೆಯ 577132 ಎಂಬ ಸಂಖ್ಯೆಯನ್ನು ಒಂದೊಂದು ಕಂಪನಿಯ ಸೇವಾ ಪುಟದಲ್ಲಿ ಹಾಕಿ, ಮನೆಗೇ ಬಂದು ರಿಪೇರಿ ಮಾಡುವ ವಾರಂಟಿ ಅಲ್ಲಿಗೂ ಇದೆಯೇ, ಇಲ್ಲವಾದರೆ ಸುಮಾರು 30 ಕಿಲೋಮೀಟರ್ ದೂರದ ಚಿಕ್ಕಮಗಳೂರಿಗೆ ಹೊತ್ತೊಯ್ಯಬೇಕೇ ಎಂದು ನೋಡಿ, ಉತ್ತರ ಸ್ಪಷ್ಟವಿಲ್ಲದ ಮಾದರಿಗಳನ್ನು ಎಷ್ಟೇ ಚೆನ್ನಾಗಿದ್ದರೂ ಬಿಟ್ಟೆ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ಊರಾದ್ದರಿಂದ ಡೆಸ್ಕ್‌ಟಾಪಿನ ಯೋಚನೆ ಮಾಡಲಿಲ್ಲ, ಬ್ಯಾಟರಿಯ ಬಾಳಿಕೆಗೇ ಹೆಚ್ಚು ಬೆಲೆ ಕೊಟ್ಟೆ.

ನನ್ನ ಇಂಗ್ಲೆಂಡಿನ ಕಾರ್ಡನ್ನು ತಾಣ ಒಪ್ಪಲಿಲ್ಲ. ಊರಿನ ಬ್ಯಾಂಕಿನಲ್ಲಿರುವ ನನ್ನ ಎನ್‌ಆರ್‌ಒ ಖಾತೆಯ (ಅನಿವಾಸಿ ಭಾರತೀಯರು ಭಾರತದಲ್ಲಿ ಇಟ್ಟುಕೊಳ್ಳುವ ರೂಪಾಯಿ ಖಾತೆ) ಕಾರ್ಡಿನ ಒಟಿಪಿ ಭಾರತದ ಸಿಮ್ಮಿಗೆ ಬರುತ್ತದೆ. ಆ ಸಿಮ್ಮನ್ನು ರೀಚಾರ್ಜ್ ಮಾಡಿ ರೋಮಿಂಗಿನಲ್ಲಿ ಉಳಿಸಿಕೊಂಡಿದ್ದರಿಂದ ಹಣ ಸಂದಾಯವಾಯಿತು. (ಬ್ರಿಟನ್ ಸೇರಿದಂತೆ ಹತ್ತು ದೇಶಗಳ ಮೊಬೈಲ್ ಸಂಖ್ಯೆಯಿಂದಲೇ ಇಂಥ ಖಾತೆಗಳಿಗೆ ಯುಪಿಐ ಬಳಸಲು 2023ರಲ್ಲಿ ಅವಕಾಶವಾಗಿದೆ, ಬ್ಯಾಂಕು ಅದನ್ನು ಒದಗಿಸುತ್ತಿದ್ದರೆ ಅದೇ ಸುಲಭದ ದಾರಿ.)

ವಿಳಾಸಕ್ಕೆ ತೋಟದ ಮನೆಯನ್ನು ಕೊಡಲಿಲ್ಲ. ಜುಲೈ ತಿಂಗಳ ಮಳೆಯಲ್ಲಿ ಮಣ್ಣಿನ ದಾರಿಯಲ್ಲಿ ಡೆಲಿವರಿ ಹುಡುಗ ಬರುವುದು ಕಷ್ಟ, ಬಂದರೂ ಫೋನಿಗೆ ಸಿಗ್ನಲ್ ಇರುವುದಿಲ್ಲ. ಪೇಟೆಯಲ್ಲಿರುವ ನಮ್ಮ ಮಾವನ ಅಂಗಡಿಯ ವಿಳಾಸ ಕೊಟ್ಟು, ಬಿಲ್ಲನ್ನು ಮಾತ್ರ ತಂಗಿಯ ಹೆಸರಿಗೆ ಮಾಡಿಸಿದೆ. ಪೆಟ್ಟಿಗೆ ಬಂದಾಗ ಲೀಡ್ಸಿನಲ್ಲಿ ಬೆಳಗಿನ ಏಳು, ಮೂಡಿಗೆರೆಯಲ್ಲಿ ಹನ್ನೊಂದೂವರೆ. ಮಾವ ಗಲ್ಲಾಪೆಟ್ಟಿಗೆಯ ಮೇಲೆ ಹಳೆಯ ಪೇಪರ್ ಹಾಸಿ, ಅದರ ಮೇಲೆ ಪೆಟ್ಟಿಗೆಯಿಟ್ಟು, ಟೇಪ್ ಕತ್ತರಿಸುವುದರಿಂದ ಹಿಡಿದು ಎಲ್ಲವನ್ನೂ ತಡೆಯಿಲ್ಲದೆ ವಿಡಿಯೊ ಮಾಡಿಸಿದರು. ತಂಗಿ ಪೆಟ್ಟಿಗೆಯ ಮೇಲಿನ, ಬಿಲ್ಲಿನ ಮತ್ತು ಲ್ಯಾಪ್‌ಟಾಪಿನ ತಳದ ಸೀರಿಯಲ್ ನಂಬರುಗಳನ್ನು ಒಂದೊಂದೇ ಅಕ್ಷರವಾಗಿ ಗಟ್ಟಿಯಾಗಿ ಓದಿದಳು. ನಾನು ಬರೆದುಕೊಂಡು ತಾಳೆ ನೋಡಿದೆ. ಆಮೇಲೆ ಪರದೆಯನ್ನು ಪೂರ್ತಿ ಬಿಳಿ ಮಾಡಿಸಿ ಕಪ್ಪು ಚುಕ್ಕೆಗಳಿವೆಯೇ ಎಂದು ಹುಡುಕಿದೆವು. ಅದೇ ದಿನ ಕಂಪನಿಯ ತಾಣದಲ್ಲಿ ವಾರಂಟಿ ನೋಂದಾಯಿಸಿದೆವು.

ಮುಂದಿನ ವರ್ಷದ ಜೂನಿನಲ್ಲಿ ಥಂಡಿಗೋ ಏನೋ ಕೀಲಿಮಣೆಯ ಒಂದು ಸಾಲು ಕೆಲಸ ನಿಲ್ಲಿಸಿತು. ತಂಗಿ ದೂರು ಕೊಟ್ಟ ನಾಲ್ಕನೇ ದಿನ ಚಿಕ್ಕಮಗಳೂರಿನಿಂದ ಬಂದ ಟೆಕ್ನೀಷಿಯನ್, ಅದೇ ಗಲ್ಲಾಪೆಟ್ಟಿಗೆಯ ಮೇಲೆ ಹೊಸ ಕೀಲಿಮಣೆ ಕೂರಿಸಿ, ಹಣ ತೆಗೆದುಕೊಳ್ಳದೆ ಮಧ್ಯಾಹ್ನದ ಬಸ್ಸಿಗೆ ಹಿಂತಿರುಗಿದರು.